ನಾನು ಹೋಗದೇ ಕೊಟ್ಟ ಮುಡಿ

ಆ ಭಾನುವಾರ ಬೆಳಿಗ್ಗೆ ರಾಣೆಬೆನ್ನೂರಿನ ನಮ್ಮ ಮನೆಯ ಹಿತ್ತಲ ಕಟ್ಟೆಯ ಮೇಲೆ ಒಂದು ತುರ್ತು ಸಭೆ ಸೇರಿತ್ತು. ಹಾಜರಿದ್ದವರು ನಾನು, ನನ್ನ ಹೆಂಡತಿ ಗಿರಿಜಾ ಮತ್ತು ಪಕ್ಕದ ಮನೆಯ ರುದ್ರಣ್ಣ. ಚರ್ಚೆಯ ವಿಷಯ ನನ್ನ ತಲೆ. ರುದ್ರಣ್ಣ ಬಸ್ಸಿನ ಕಂಡಕ್ಟರಾಗಿದ್ದು ನಿವೃತ್ತನಾದವನು. ಕೇಳದಿದ್ದರೂ ಸಲಹೆ ಕೊಡುವುದು ನಿವೃತ್ತಿಯ ನಂತರದ ಅವನ ಉದ್ಯೋಗ.

ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡು, ಅದು ಕ್ಯಾನ್ಸರ್ ಎಂದು ತಿಳಿದು, ನಾನು ಹುಬ್ಬಳ್ಳಿಗೆ ಹೋಗಿ ಇಂಜೆಕ್ಷನ್ ತೆಗೆದುಕೊಳ್ಳತೊಡಗಿದ್ದೆ. "ವಾಸಿ ಆಗೂ ಜಾತಿ ಐತಿ, ಹೆದರಬ್ಯಾಡ್ರಿ. ಕೂದಲು ಹೋಗ್ತಾವ, ಮತ್ತ ಬರ್ತಾವ" ಎಂದಿದ್ದರು ಡಾಕ್ಟರು. ನಾನು ಬೀಜದ ಅಂಗಡಿಯವನು. ಇಂಥ ಭರವಸೆಯನ್ನು ದಿನವೂ ಗಿರಾಕಿಗಳಿಗೆ ಕೊಡುವವನೇ ನಾನು. ಹೀಗಾಗಿ ಧೈರ್ಯವಾಗಿದ್ದೆ. ಆದರೆ ಆ ದಿನ ತಲೆ ಒರೆಸಿಕೊಂಡರೆ ಅರ್ಧ ತಲೆ ಟವೆಲ್ಲಿನಲ್ಲೇ ಉಳಿಯಿತು.

ತಲೆಯ ಚಿಂತೆ ನನಗಿರಲಿಲ್ಲ, ಚಿಂತೆಯೆಲ್ಲ ಅವ್ವನದು. ಅವಳ ಅಣ್ಣ ಇದೇ ರೋಗಕ್ಕೆಂದು ಹುಬ್ಬಳ್ಳಿಗೆ ಹೋದವನು ತಿರುಗಿ ಬಂದಿರಲಿಲ್ಲ. ಆ ರೋಗದ ಹೆಸರು ಕಿವಿಗೆ ಬಿದ್ದರೆ ಅವ್ವ ಊಟ ಬಿಡುತ್ತಿದ್ದಳು. ಅದಕ್ಕೇ ಹೆರಿಗೆಗೆ ತವರಿಗೆ ಬರಬೇಕಾಗಿದ್ದ ತಂಗಿಯನ್ನು ಹಾವೇರಿಯಲ್ಲೇ ಇರಿಸಿ, ಬಾಣಂತನಕ್ಕೆ ಅವ್ವನನ್ನೇ ಅಲ್ಲಿಗೆ ಸಾಗಹಾಕಿದ್ದೆವು. ಈಗ ಬಾಣಂತನ ಮುಗಿದಿತ್ತು. ನಾಳಿದ್ದು ಅವ್ವ ಬರುವವಳಿದ್ದಳು.

"ನಾಟಕದ ಕಂಪನಿಯವರ ಕಡೆ ಕೂದಲಿನ ಟೋಪನ್ ಸಿಗತೈತಿ. ತರ್ಲೇನು?" ಎಂದ ರುದ್ರಣ್ಣ.

"ರಾಜನ ಪಾರ್ಟಿಂದು ಹೆಗಲತನಕ ಇರತೈತಣ್ಣಾ. ಅದನ್ನ ಹಾಕ್ಕೊಂಡು ಅಂಗಡ್ಯಾಗ ಮೆಕ್ಕಿಜೋಳದ ಬೀಜ ತೂಗ್ತಾರೇನು?" ಎಂದಳು ಗಿರಿಜಾ.

ಆಗ ನನಗೆ ಜ್ಞಾನೋದಯವಾಯಿತು. "ತಿರುಪತಿ!" ಎಂದೆ. ಬೋಳುತಲೆಗೆ ಇದಕ್ಕಿಂತ ಗೌರವದ ಕಾರಣ ಯಾವುದಿದೆ? ಕ್ಷೌರದವನನ್ನು ಕರೆಸಿ, ಉಳಿದ ಕೂದಲನ್ನೂ ಅದರ ಜೊತೆಗೆ ಮೀಸೆಯನ್ನೂ ತೆಗೆಸಿಹಾಕಿದೆ. ಕನ್ನಡಿಯಲ್ಲಿ ನೋಡಿಕೊಂಡಾಗ ಭಕ್ತಿ ತುಳುಕುತ್ತಿತ್ತು.

ಹಾವೇರಿ ಬಸ್ಸಿನಿಂದ ಇಳಿದು ಬಂದ ಅವ್ವ ಬಾಗಿಲಲ್ಲೇ ನಿಂತಳು.

"ತಿರುಪತಿಗೆ ಹೋಗಿ ಬಂದ್ನೆವ್ವಾ" ಎಂದೆ ಕೈಮುಗಿದು.

ಅವ್ವ ನನ್ನ ತಲೆಯನ್ನು ನೋಡಿದಳು, ಆಮೇಲೆ ನನ್ನ ಮುಖವನ್ನು.

"ನನ್ನ ಬಿಟ್ಟು?"

ಈ ಪ್ರಶ್ನೆ ನಮ್ಮ ಸಭೆಯಲ್ಲಿ ಬಂದೇ ಇರಲಿಲ್ಲ. ಅವ್ವ ನನ್ನ ಮದುವೆಗೂ ಮುಂಚಿನಿಂದ ತಿರುಪತಿಗೆ ಕರೆದುಕೊಂಡು ಹೋಗು ಎನ್ನುತ್ತಿದ್ದಳು. ಹಂಗಾಮು ಮುಗಿಯಲಿ, ಮಳೆ ನಿಲ್ಲಲಿ ಎಂದು ನಾನು ಮುಂದೂಡುತ್ತಲೇ ಬಂದಿದ್ದೆ. ರೋಗವನ್ನು ಮುಚ್ಚಿಡಲು ಹೋಗಿ ಅದಕ್ಕಿಂತ ದೊಡ್ಡ ಗಾಯ ಮಾಡಿದ್ದೆ.

ಅಂದಿನಿಂದ ಅವ್ವ ನನ್ನ ಜೊತೆ ಮಾತು ಬಿಟ್ಟಳು. ಊಟಕ್ಕೆ ಕೂತರೆ, "ಗಿರಿಜಾ, ಭಕ್ತರಿಗೆ ಇನ್ನೊಂದು ರೊಟ್ಟಿ ಬೇಕೇನ ಕೇಳು" ಎನ್ನುತ್ತಿದ್ದಳು. ಭಕ್ತರಿಗೆ ಅರ್ಧ ರೊಟ್ಟಿಯೂ ಸೇರುತ್ತಿರಲಿಲ್ಲ.

ಆದರೆ ಸಿಟ್ಟು ನನ್ನ ಮೇಲೆ, ದೇವರ ಮೇಲಲ್ಲವಲ್ಲ. "ಪ್ರಸಾದ ಎಲ್ಲಿ ಐತಿ ಅಂತ ಕೇಳವ್ವಾ ನಿನ್ನ ಗಂಡಗ" ಎಂದು ಗಿರಿಜಾಳಿಗೆ ಹೇಳಿದಳು. ನಾನು ಹಿತ್ತಲಿಂದ ರುದ್ರಣ್ಣನಿಗೆ ಸನ್ನೆ ಮಾಡಿದೆ. ಬಸ್‌ಸ್ಟ್ಯಾಂಡಿನ ಹತ್ತಿರದ ಮಿಠಾಯಿ ಅಂಗಡಿಯಿಂದ ಅವನು ಲಾಡು ತಂದ. ಅವ್ವ ಅದನ್ನು ದೇವರ ಮುಂದಿಟ್ಟು, ಮುರಿದು, ಓಣಿಗೆಲ್ಲ ಹಂಚಿದಳು. ಜನ ಕಣ್ಣಿಗೊತ್ತಿಕೊಂಡು ತಿಂದರು. ತಂದವನೇ ಆದ ರುದ್ರಣ್ಣನೂ ಕಣ್ಣಿಗೊತ್ತಿಕೊಂಡ! "ಅವ್ವ ಕೊಟ್ಟಮ್ಯಾಲೆ ಪ್ರಸಾದನ ಅಲ್ಲೇನ್ರಿ ಸಾವ್ಕಾರ್ರ" ಎಂದು ನನಗೇ ತತ್ವ ಹೇಳಿದ.

ಒಂದು ಸುಳ್ಳಿಗೆ ಎಷ್ಟು ಬಾಡಿಗೆ ಕಟ್ಟಬೇಕು ಎಂಬುದು ಆಮೇಲೆ ತಿಳಿಯಿತು. ಅಂಗಡಿಗೆ ಬಂದವರೆಲ್ಲ ದರ್ಶನ ಹೇಗಾಯಿತು, ಪಾಳಿ ಎಷ್ಟು ಉದ್ದವಿತ್ತು ಎಂದು ಕೇಳುವವರೇ. ಗುಂತಕಲ್ಲಿನಿಂದಾಚೆ ನಾನು ಕಾಲಿಟ್ಟವನಲ್ಲ. ರುದ್ರಣ್ಣ ಹೇಳಿಕೊಟ್ಟಷ್ಟನ್ನು ಒಪ್ಪಿಸುತ್ತಿದ್ದೆ. ಅದರ ನಡುವೆ 'ಬೀಜದ ಕಂಪನಿ ಕೆಲಸ' ಎಂದು ಹೇಳಿ ಹುಬ್ಬಳ್ಳಿಗೆ ಹೋಗಿ ಇಂಜೆಕ್ಷನ್ ಮಾಡಿಸಿಕೊಂಡು ಬಂದು, ಅವ್ವನಿಗೆ ಕೇಳಿಸದಂತೆ ಹಿತ್ತಲಲ್ಲಿ ವಾಂತಿ ಮಾಡಿಕೊಳ್ಳುವುದು ಬೇರೆ.

ಎಲ್ಲಕ್ಕಿಂತ ದೊಡ್ಡ ತೊಂದರೆ ಎಂದರೆ ತಲೆ ಚಿಗುರುತ್ತಿರಲಿಲ್ಲ. ಅವ್ವ ದಿನವೂ ಓರೆಗಣ್ಣಿನಿಂದ ಅದನ್ನು ಪರೀಕ್ಷಿಸುತ್ತಿದ್ದಳು. "ಅಲ್ಲಿ ಬ್ಲೇಡ್ ಭಾಳ ಛಲೋ ಇರತಾವಂತ್ರಿ ಅತ್ತಿ" ಎಂದು ಗಿರಿಜಾ ಒಂದಷ್ಟು ದಿನ ದೂಡಿದಳು.

ಒಂದು ಮಧ್ಯಾಹ್ನ ಅವ್ವ ಪಡಸಾಲೆಯಲ್ಲಿ ಕೂತು ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ರುದ್ರಣ್ಣ ಚಹಾ ಕುಡಿಯುತ್ತಿದ್ದ. ನಾನು ಮುಖ ತೊಳೆದು ಬಂದು ಎದುರಿಗೆ ನಿಂತೆ. ಅವ್ವನ ಕೈ ಅಲ್ಲಿಗೇ ನಿಂತಿತು.

"ಗಿರಿಜಾ, ತಿರುಪತ್ಯಾಗ ಹುಬ್ಬೂ ಬೋಳಸ್ತಾರೇನು?"

ನಾನು ಹಣೆ ಮುಟ್ಟಿಕೊಂಡೆ. ಹುಬ್ಬಿರಲಿಲ್ಲ. ಟವೆಲ್ಲಿನಲ್ಲಿತ್ತು.

"ಈಗ ಹೊಸದಾಗಿ ಚಾಲೂ ಮಾಡ್ಯಾರವ್ವಾ" ಎಂದ ರುದ್ರಣ್ಣ. ಗಿರಿಜಾಳಿಗೆ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ ಅದು ಅಳುವಾಯಿತು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಅವ್ವನ ಪಕ್ಕದಲ್ಲಿ ಕೂತು ಗಂಟು, ಹುಬ್ಬಳ್ಳಿ, ಇಂಜೆಕ್ಷನ್ ಎಲ್ಲ ಹೇಳಿದೆ. ರೋಗದ ಹೆಸರನ್ನೂ ಹೇಳಿದೆ. ಡಾಕ್ಟರು ವಾಸಿಯಾಗುತ್ತದೆ ಎಂದದ್ದನ್ನು ಎರಡು ಸಲ ಹೇಳಿದೆ.

ಅವ್ವ ಕೈಯಲ್ಲಿದ್ದ ಮೆಣಸಿನಕಾಯಿ ಕೆಳಗಿಟ್ಟಳು. ಆಮೇಲೆ ದೀರ್ಘವಾಗಿ ಉಸಿರು ಬಿಟ್ಟಳು.

"ಹುಬ್ಬಳ್ಳಿಗೆ ಹೋಗಿ ಬಂದಾಗೊಮ್ಮೆ ಹಿತ್ತಲದಾಗ ಕಾರ್ಕೋತಿದ್ದಿ. ಸೆರೆ ಕುಡ್ಯಾಕ ಹತ್ತ್ಯಾನ ಅಂತ ತಿಳದಿದ್ನೋ ತಮ್ಮಾ. ದೇವರು ದೊಡ್ಡಾಂವ. ಬರೇ ಜಡ್ಡು."

ಹಾಗೆಂದು ಕಣ್ಣೊರೆಸಿಕೊಂಡಳು. ಆ ಕೈಯಿಂದಲೇ. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕಷ್ಟೇ, ಖಾರಕ್ಕಲ್ಲ ಎನ್ನುವವರು ಅಂದು ನಮ್ಮ ಮನೆಯಲ್ಲಿರಬೇಕಿತ್ತು. ಅವ್ವ ಅದೇ ಕೈಯಿಂದ ನನ್ನ ಮುಖವನ್ನೂ ಸವರಿದಳು. ಗಿರಿಜಾ ನೀರು ತಂದಳು, ರುದ್ರಣ್ಣ ಬೆಣ್ಣೆ ತಂದ. ನಾಲ್ವರೂ ಅಳುತ್ತಿದ್ದುದರಿಂದ ಯಾರದು ದುಃಖ, ಯಾರದು ಖಾರ ಎಂದು ಹೇಳುವಂತಿರಲಿಲ್ಲ.

ಆ ಸಂಜೆ ಅವ್ವ ಊಟ ಬಿಡಲಿಲ್ಲ. ನನಗೂ ಬಿಡಗೊಡಲಿಲ್ಲ. ದೇವರ ಮುಂದೆ ನಿಂತು ಏನೋ ಹರಕೆ ಹೊತ್ತಳು. ನನಗೆ ಕೇಳಿಸಿದ್ದು 'ಮುಡಿ ಕೊಡ್ತೀನಿ' ಎಂಬುದಷ್ಟೇ.

ಇಂಜೆಕ್ಷನ್ ಮುಗಿದವು. ಡಾಕ್ಟರು ಇನ್ನು ಬರುವುದು ಬೇಡ, ಆಗಾಗ ತೋರಿಸಿ ಸಾಕು ಎಂದರು. ಕೂದಲೂ ಬಂತು. ಎಂಥ ಕೂದಲು! ಮೊದಲು ನೆಟ್ಟಗೆ ನಿಲ್ಲುತ್ತಿದ್ದದ್ದು ಈಗ ಕಪ್ಪಗೆ, ಗುಂಗುರಾಗಿ ಬಂತು. ಅಂಗಡಿಯ ತಕ್ಕಡಿಯ ತಟ್ಟೆಯಲ್ಲೂ ನನ್ನ ಮುಖ ನೋಡಿಕೊಳ್ಳತೊಡಗಿದೆ. ಅಷ್ಟರಲ್ಲಿ ಅವ್ವ, "ತಿರುಪತಿಗೆ ಹೋಗೂಣು" ಎಂದಳು. ನನ್ನ ಕೈ ತಲೆಗೆ ಹೋಯಿತು. ಇಷ್ಟು ಕಷ್ಟಪಟ್ಟು ಬೆಳೆದ ಬೆಳೆ! ಬಿತ್ತನೆ ಮುಗಿಯಲಿ ಎಂದೆ, ಮುಗಿಯಿತು. ದೀಪಾವಳಿ ಆಗಲಿ ಎಂದೆ, ಆಯಿತು. ಕೊನೆಗೆ ಗಿರಿಜಾ ಟಿಕೆಟ್ಟನ್ನೇ ತಂದು ಕೈಗಿಟ್ಟಳು. ದಾರಿಯುದ್ದಕ್ಕೂ ಹುತಾತ್ಮನ ಮುಖ ಮಾಡಿಕೊಂಡು ಕೂತಿದ್ದೆ.

ಬೆಟ್ಟದ ಮೇಲೆ ನಮ್ಮ ಪಾಳಿ ಬಂತು. ಅಂಗಿ ಬಿಚ್ಚಿ, ಗುಂಗುರನ್ನು ಕೊನೆಯ ಸಲ ಸವರಿ, ಕ್ಷೌರಿಕನ ಮುಂದೆ ತಲೆ ಬಗ್ಗಿಸಿ ಕೂತೆ. ಅವನು ತಲೆಗೆ ನೀರು ಹಾಕುವುದರಲ್ಲಿದ್ದ.

"ನೀ ಯಾಕ ಕುಂತಿ?" ಎಂದಳು ಅವ್ವ. "ಏಳಲೇ. ನಿನ್ನ ಕೂದಲಾ ಯಾರ ಕೇಳ್ಯಾರ? ಹರಕಿ ನಂದು."

ನನ್ನನ್ನು ಸರಿಸಿ ತಾನು ಕೂತಳು. ತುರುಬು ಬಿಚ್ಚಿದಳು. ನಾನು ಅಂಗಿ ಹಿಡಿದುಕೊಂಡು ಬರಿಮೈಯಲ್ಲಿ ಪಾಳಿಗೆ ಅಡ್ಡವಾಗಿ ನಿಂತೆ. ಹಿಂದಿನವರು ಪಕ್ಕಕ್ಕೆ ಸರಿ ಎಂದರು. ಸರಿದೆ.

ತಿರುಗಿ ಬರುವ ರೈಲಿನಲ್ಲಿ ಅವ್ವ ಸೆರಗನ್ನು ತಲೆತುಂಬ ಹೊದ್ದು ಕಿಟಕಿಯ ಬಳಿ ಕೂತಿದ್ದಳು. ಗಾಳಿಗೆ ನನ್ನ ಕ್ರಾಪು ಚೆಲ್ಲಾಪಿಲ್ಲಿಯಾಗಿತ್ತು. ಅವಳು ಚೀಲದಿಂದ ತಾನು ತಲೆ ಬಾಚಿಕೊಳ್ಳುವ ಕಟ್ಟಿಗೆಯ ಹಣಗಿ ತೆಗೆದು ಕೊಟ್ಟಳು.

"ಹಿಕ್ಕೊಳೋ. ನನಗಂತೂ ಲಗೂ ಬೇಕಾಗಾಂಗಿಲ್ಲ ಇದು."

ಹಿಕ್ಕೊಂಡೆ.