ಮಾವನ ಪುಟಪ್

ನನ್ನ ಸೋದರಮಾವನಿಗೆ ಇಬ್ಬರು ಹೆಂಡಿರು. ಗಾಬರಿಯಾಗಬೇಡಿ, ಎರಡನೆಯವರು ನಮ್ಮ ಅತ್ತೆ, ಗುರುಹಿರಿಯರ ಸಮ್ಮುಖದಲ್ಲಿ ಕೈಹಿಡಿದವರು. ಮೊದಲನೆಯದು ಒಂದು ಇಂಗ್ಲಿಷ್ ಕ್ರಿಯಾಪದ! ‘ಪುಟ್ ಅಪ್’ ಅಂತ ಅದರ ಹೆಸರು, ಮನೆಯಲ್ಲಿ ಕರೆಯುವುದು ಪುಟಪ್. ತಾಲ್ಲೂಕು ಕಚೇರಿಗೆ ಗುಮಾಸ್ತರಾಗಿ ಸೇರಿದಾಗ ಅದರ ಪರಿಚಯವಾಯಿತು. ನಿವೃತ್ತರಾಗಿ ಅಜ್ಜಂಪುರದ ಮನೆಯಲ್ಲಿ ಕುಳಿತ ಮೇಲೂ ಬಿಡುಗಡೆಯಾಗಿಲ್ಲ. ಇಂಥ ಮನುಷ್ಯನ ಮುಂದೆ ಅವರ ಒಬ್ಬಳೇ ಮಗಳು ಸುಧಾ ಹೋದ ವರ್ಷ ತನ್ನ ಮದುವೆಯ ವಿಷಯ ಇಟ್ಟಳು. ಆ ವಿಷಯ ಏನಾಯಿತು ಅನ್ನುವುದೇ ನಾನು ಹೇಳಹೊರಟಿರುವುದು. ಆದರೆ ಮಾವನ ಮೊದಲನೇ ಸಂಸಾರದ ಬಗ್ಗೆ ಹೇಳದೆ ಅದು ನಿಮಗೆ ಅರ್ಥವಾಗುವುದಿಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಿರಿಯ ಗುಮಾಸ್ತರೊಬ್ಬರು ಮಾವನ ಕೈಗೆ ಒಂದು ಫೈಲು ಕೊಟ್ಟು, “ಇದನ್ನ ಸಾಹೇಬ್ರಿಗೆ ಪುಟಪ್ ಮಾಡಪ್ಪಾ” ಅಂದರಂತೆ. ಮೇಲಕ್ಕಿಡು ಅಂತ ಅರ್ಥಮಾಡಿಕೊಂಡ ಮಾವ ಸ್ಟೂಲು ಹಾಕಿಕೊಂಡು ಹತ್ತಿ, ಸಾಹೇಬರ ಕೋಣೆಯ ಬೀರುವಿನ ನೆತ್ತಿಯ ಮೇಲೆ ಅದನ್ನು ಜೋಪಾನವಾಗಿ ಇಟ್ಟು ಬಂದರು. ಫೈಲು ಸಿಗುವಷ್ಟರಲ್ಲಿ ಅರ್ಜಿ ಕೊಟ್ಟವನಿಗೆ ಮೊಮ್ಮಗ ಹುಟ್ಟಿದ್ದ ಅನ್ನುವುದು ಅತ್ತೆಯ ಸೇರ್ಪಡೆ. ಕಚೇರಿಯೆಲ್ಲ ನಕ್ಕಿತು. ಆ ಅವಮಾನಕ್ಕೆ ಮಾವ ಹಳೇ ಪುಸ್ತಕದಂಗಡಿಯಿಂದ ಇಟ್ಟಿಗೆ ದಪ್ಪದ ನಿಘಂಟೊಂದನ್ನು ತಂದರು. ಬೇರೆಯವರು ನಿಘಂಟಿನಲ್ಲಿ ಒಂದು ಪದ ನೋಡಿ ಮುಚ್ಚಿಡುತ್ತಾರೆ. ಇವರು ಆ ಪುಟಕ್ಕೆ ಹೋದವರು ಈಚೆಗೆ ಬರಲೇ ಇಲ್ಲ.

ಎರಡು ಪುಟ್ಟ ಪದಗಳ ಹೊಟ್ಟೆಯಲ್ಲಿ ಏನೇನು ಇರಬಹುದು ಅಂತೀರಿ? ಒಮ್ಮೆ ಬೀರೂರು ಜಂಕ್ಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದಾಗ ಮಾವ ಪಕ್ಕದ ಅಪರಿಚಿತರ ಕಡೆ ಬಾಗಿ, “ಹಿಂದೆ ಇಂಗ್ಲೆಂಡಲ್ಲಿ ಕತ್ತೀನ ಒರೆಗೆ ಸೇರಿಸಿದ್ರೂ ಪುಟಪ್ಪೇ ಕಣ್ರೀ. ಕತ್ತಿ ಈಚೆಗಿದ್ರೆ ಜಗಳ, ಒಳಗೆ ಹೋದ್ರೆ ಪುಟಪ್” ಅಂದರು. ಕತ್ತಿಯ ಮಾತು ಕಿವಿಗೆ ಬಿದ್ದದ್ದೇ ತಡ, ಆ ಮನುಷ್ಯ ಚೀಲ ಎತ್ತಿಕೊಂಡು ಪ್ಲಾಟ್‌ಫಾರಂನ ಇನ್ನೊಂದು ತುದಿಗೆ ನಡೆದರು. ಪಾಪ, ಅವರ ತಪ್ಪೇನು!

ಇನ್ನೊಮ್ಮೆ ಅಂತರಘಟ್ಟೆ ರಸ್ತೆಯಲ್ಲಿ ಮಾವನ ಸ್ಕೂಟರಿನ ಹಿಂದೆ ಕುಳಿತಿದ್ದೆ. ಬೇಲಿಯ ಸಂದಿಯಿಂದ ಗೌಜಲ ಹಕ್ಕಿಯೊಂದು ಬುರ್ರನೆ ಮೇಲೆದ್ದಿತು. ಮಾವ ಒಮ್ಮೆಲೇ ಬ್ರೇಕು ಹಾಕಿ, “ನೋಡಿದ್ಯೇನೇ? ಪೊದೇಲಿ ಅಡಗಿರೋ ಹಕ್ಕೀನೋ ಮೊಲಾನೋ ಬೆದರ್ಸಿ ಎಬ್ಬಿಸ್ತಾರಲ್ಲ, ಬೇಟೆಗಾರರು ಅದಕ್ಕೂ ಪುಟಪ್ ಅಂತಿದ್ರು” ಎಂದು ಹಿಂದೆ ತಿರುಗಿದರು. ನಾನು ಹಿಂದೆ ಇರಲಿಲ್ಲ, ರಸ್ತೆ ಪಕ್ಕದ ಚರಂಡಿಯಲ್ಲಿದ್ದೆ. ಚರಂಡಿಯಿಂದ ಸೋದರಸೊಸೆಯನ್ನು ಎಬ್ಬಿಸುವುದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ಅವರು ಹೇಳಲಿಲ್ಲ, ಎಬ್ಬಿಸಲೂ ಇಲ್ಲ. ನಾನೇ ಎದ್ದು ಸೀರೆ ಕೊಡವಿಕೊಂಡೆ.

ಅತ್ತೆಗೆ ಇವೆಲ್ಲ ಬಾಯಿಪಾಠ. ದಾರಿಹೋಕರು ಛತ್ರದಲ್ಲಿ ಇಳಿದುಕೊಂಡರೆ ಪುಟಪ್, ಯಾರನ್ನಾದರೂ ಚುನಾವಣೆಗೆ ನಿಲ್ಲಿಸಿದರೆ ಪುಟಪ್, ಹಣ್ಣುಕಾಯಿ ಕೆಡದ ಹಾಗೆ ಜಾಡಿಗೆ ತುಂಬಿದರೂ ಪುಟಪ್. ಒಂದು ಬೇಸಿಗೆಯಲ್ಲಿ ಅತ್ತೆ ಮಿಡಿಗಾಯಿಗೆ ಉಪ್ಪು ಬೆರೆಸುತ್ತಿದ್ದಾಗ ಮಾವ ಪಕ್ಕದಲ್ಲಿ ಕುಳಿತು, “ಇದರ ಬಾಲಕ್ಕೆ ‘ವಿತ್’ ಅಂತ ಇನ್ನೊಂದು ಸೇರಿಸಿದ್ರೆ ಸಹಿಸ್ಕೊಳ್ಳೋದು ಅಂತ ಅರ್ಥ ಬರುತ್ತೆ ಕಣೇ” ಎಂದು ಶುರುಮಾಡಿದರು.

ಅತ್ತೆ ತಲೆಯೆತ್ತದೆ ಹೇಳಿದರು: “ಅದೊಂದು ನಂಗೆ ಹೇಳ್ಕೊಡಬೇಡಿ. ಬೇರೆ ಯಾವ್ದಾದ್ರೂ ಹೇಳಿ.”

ಇಷ್ಟೆಲ್ಲ ಅರ್ಥ ಗೊತ್ತಿದ್ದರೂ ಮಾವ ಬದುಕಿದ್ದು ಮಾತ್ರ ಒಂದೇ ಅರ್ಥದಲ್ಲಿ. ಅದು ಕಚೇರಿಯ ಅರ್ಥ. ಫೈಲು ಓದಬೇಕು, ಹೀಗೂ ಮಾಡಬಹುದು ಹಾಗೂ ಮಾಡಬಹುದು ಅಂತ ಎರಡೂ ಕಡೆಯದನ್ನು ಬರೆಯಬೇಕು, ಕೊನೆಗೆ ‘ಸೂಕ್ತ ಆದೇಶಕ್ಕಾಗಿ ಮಂಡಿಸಿದೆ’ ಅಂತ ಮೇಲಿನವರ ಮುಂದಿಡಬೇಕು. ತೀರ್ಮಾನ ಮೇಲಿನವರದು. ತಪ್ಪಾದರೆ ತಪ್ಪೂ ಮೇಲಿನವರದು. ಇದಕ್ಕಿಂತ ನಿಶ್ಚಿಂತೆಯ ಬಾಳು ಉಂಟೇ? ಮನೆಯಲ್ಲೂ ಅದೇ ಪದ್ಧತಿ. ಅಲ್ಲಿ ಅಮಲ್ದಾರರ ಕುರ್ಚಿಯಲ್ಲಿ ಅತ್ತೆ. ಬೆಳಿಗ್ಗೆ ಉಪ್ಪಿಟ್ಟೋ ದೋಸೆಯೋ ಎಂದು ಕೇಳಿದರೆ, “ಉಪ್ಪಿಟ್ಟು ಬೇಗ ಆಗುತ್ತೆ. ದೋಸೆ ರುಚಿಯಾಗಿರುತ್ತೆ. ಎರಡೂ ನಿನ್ನ ಗಮನಕ್ಕೆ ತಂದಿದೀನಿ” ಅನ್ನುತ್ತಿದ್ದರು. ಕ್ಷೌರದಂಗಡಿಯಲ್ಲಿ ಕೂದಲು ಎಷ್ಟು ಕತ್ತರಿಸಲಿ ಎಂದು ಕೇಳಿದ್ದಕ್ಕೆ, ಬಟ್ಟೆಯೊಳಗಿನಿಂದ ಕೈ ಈಚೆಗೆ ತೂರಿಸಿ ಅತ್ತೆಗೆ ಫೋನು ಮಾಡಿದ ಮಹಾನುಭಾವರು ಇವರು. ತಮ್ಮದೇ ತಲೆ, ತಮ್ಮದೇ ಕೂದಲು!

ಸುಧಾ ಕಡೂರಿನ ಶಾಲೆಯೊಂದರಲ್ಲಿ ಟೀಚರು, ದಿನವೂ ರೈಲಿನಲ್ಲಿ ಓಡಾಡುತ್ತಾಳೆ. ಪ್ರದೀಪ ಬೀರೂರಿನಲ್ಲಿ ರೈಲ್ವೆ ಸಿಗ್ನಲ್ ಕೆಲಸದಲ್ಲಿರುವ ಹುಡುಗ, ಊರು ಪಂಚನಹಳ್ಳಿ. ರೈಲಿನಲ್ಲೇ ಪರಿಚಯ, ರೈಲಿನಲ್ಲೇ ಪ್ರೀತಿ. ಅವರದು ಗೋಡೆಯ ಮೇಲೆ ಬುದ್ಧನನ್ನು ಇಟ್ಟುಕೊಂಡ ಮನೆ, ನಮ್ಮದು ಮಠಕ್ಕೆ ನಡೆದುಕೊಳ್ಳುವ ಮನೆ. ಎರಡೂ ಕಡೆಯವರು ಇದೇ ಸೀಮೆಯಲ್ಲಿ ತಲೆಮಾರುಗಳಿಂದ ಇದ್ದವರೇ. ಆದರೆ ನಮ್ಮವರು ಅವರ ಮನೆಯಲ್ಲಿ ಒಂದು ಲೋಟ ನೀರು ಕುಡಿದವರಲ್ಲ. ಇದು ಎಲ್ಲರಿಗೂ ಗೊತ್ತಿದ್ದ, ಯಾರೂ ಬಾಯಿಬಿಟ್ಟು ಹೇಳದ ಸಂಗತಿ.

ಅಪ್ಪನ ಪದ್ಧತಿ ಬಲ್ಲ ಸುಧಾ ಒಂದು ಸಂಜೆ ನೇರವಾಗಿ ಎದುರಿಗೆ ನಿಂತಳು. ನಾನೂ ಆ ದಿನ ತರೀಕೆರೆಯಿಂದ ಬಂದವಳು ಅಲ್ಲೇ ಇದ್ದೆ.

“ಅಪ್ಪಾ, ಒಂದು ವಿಷ್ಯ ಪುಟಪ್ ಮಾಡ್ತಾ ಇದೀನಿ” ಎಂದು ಎಲ್ಲವನ್ನೂ ಹೇಳಿದಳು.

ಮಾವ ಕನ್ನಡಕ ತೆಗೆದು ಒರೆಸಿದರು. ಬೈಯಲಿಲ್ಲ. “ಹುಡುಗಂಗೆ ರಾತ್ರಿ ಪಾಳಿ ಇದ್ಯಾ?” ಎಂದು ಕೇಳಿದರು.

“ಒಂದೊಂದ್ಸಲ ಇರುತ್ತೆ.”

“ಗೊರಕೆ ಹೊಡೀತಾನಾ?”

“ನಂಗೆ ಹೆಂಗೆ ಗೊತ್ತಾಗುತ್ತಪ್ಪಾ?”

“ಸರಿಯಾದ ಉತ್ತರ” ಅಂದರು ಮಾವ. “ವಿಷ್ಯ ಪರಿಶೀಲನೇಲಿ ಇರ್ಲಿ.”

ಪರಿಶೀಲನೆ ಅಂದರೆ ಏನು ಅಂತ ನಿಮಗೆ ಗೊತ್ತೇ ಇದೆ. ವಾರ ಕಳೆದಂತೆ ಹೊಸ ಹೊಸ ಪ್ರಶ್ನೆಗಳು ಹುಟ್ಟುತ್ತಿದ್ದವು. ಹುಡುಗನಿಗೆ ಅಡುಗೆ ಬರುತ್ತದೆಯೇ? ಹಾಗಲಕಾಯಿ ತಿನ್ನುತ್ತಾನೆಯೇ? ಸುಧಾ ಎಲ್ಲಕ್ಕೂ ಉತ್ತರ ತಂದು ಒಪ್ಪಿಸಿದಳು. ಅಷ್ಟರಲ್ಲಿ ಸುದ್ದಿ ಬೀರೂರಿಗೆ ಮುಟ್ಟಿತು. ಅಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ನಮ್ಮ ದೊಡ್ಡಮಾವ, ಅಂದರೆ ಮಾವನ ಅಣ್ಣ, ಮರುದಿನವೇ ಬಂದಿಳಿದರು. ಕಾಫಿಯನ್ನೂ ಮುಟ್ಟದೆ ಹೇಳಿದರು: “ಇದು ನಡೆದ್ರೆ ನಿನ್ನ ಮನೆ ಹೊಸಲು ನಾನು ತುಳಿಯಲ್ಲ. ಯೋಚ್ನೆ ಮಾಡು.”

ಮಾವ ಅಣ್ಣನನ್ನು ತಂದೆಯ ಸ್ಥಾನದಲ್ಲಿ ಇಟ್ಟಿದ್ದವರು. ಓದಿಸಿದ್ದೂ ಆ ಅಣ್ಣನೇ. ಆವತ್ತು ರೂಢಿಯಂತೆ ಎಲ್ಲವನ್ನೂ ತಂದು ಅತ್ತೆಯ ಮುಂದಿಟ್ಟರು. ಅತ್ತೆ ಸೊಪ್ಪು ಬಿಡಿಸುತ್ತಿದ್ದರು. “ನಂಗೆ ಹುಡುಗ ಒಪ್ಪಿಗೆ” ಅಂದರು. “ಆದ್ರೆ ನಾನು ಹೂಂ ಅಂದ್ರೆ ನಾಳೆ ನಿಮ್ಮಣ್ಣನ ಹತ್ರ ‘ಇವಳು ಹೇಳಿದ್ಲು’ ಅಂತೀರಿ. ಮಗಳು ಕೇಳಿರೋದು ಅಪ್ಪನ್ನ. ಈ ಸಲ ನೀವೇ ಹೇಳಿ.”

ವಿಷಯ ಮುಂದಿಡುವುದಕ್ಕೆ ಮಾವನಿಗೆ ಮೇಲಿನವರು ಅಂತ ಇನ್ನು ಯಾರೂ ಇರಲಿಲ್ಲ.

ಆಮೇಲೆ ಮನೆ ಮನೆಯಂತೆ ಇರಲಿಲ್ಲ. ಮಾವನ ಬಾಯಿಂದ ಪುಟಪ್ ಅನ್ನುವ ಪದವೇ ಬರುತ್ತಿರಲಿಲ್ಲ. ಅಷ್ಟು ವರ್ಷ ಅದನ್ನು ಕೇಳಿ ಕೇಳಿ ಬೇಸತ್ತ ನನಗೇ ಸಂಕಟವಾಗುತ್ತಿತ್ತು. ಸುಧಾ ಫೋನಿನಲ್ಲಿ ಅಳುತ್ತಿದ್ದಳು. “ಬೇಡ ಅನ್ನೋದಾದ್ರೆ ಬೇಡ ಅನ್ಲಿ ಕಣೇ ಅಕ್ಕ. ಅಪ್ಪನ್ನ ಬಿಟ್ಟು ನಾನು ಮದುವೆ ಆಗಲ್ಲ. ಅಪ್ಪ ಏನೂ ಹೇಳ್ದೇ ಇದ್ರೆ ನಾನೇನು ಮಾಡ್ಲಿ?” ಎಂದು ಕೇಳುತ್ತಿದ್ದಳು.

ಒಂದು ಭಾನುವಾರ ನಾನು ಅಲ್ಲಿಗೆ ಹೋದಾಗ ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಜಗಲಿಯಲ್ಲಿ ಕುಳಿತಿದ್ದರು. ಅತ್ತೆಯೂ ಹೊರಟು ನಿಂತಿದ್ದರು. “ಪಂಚನಹಳ್ಳಿಗೆ ಹೋಗ್ಬರೋಣ, ನೀನೂ ಬಾರೇ. ಹುಡುಗಂಗೆ ಫೋನ್ ಮಾಡಿ ಹೇಳಿದೀನಿ” ಅಂದರು ಮಾವ. ಯಾತಕ್ಕೆ ಅಂತ ಹೇಳಲಿಲ್ಲ. ಅತ್ತೆಗೂ ಗೊತ್ತಿರಲಿಲ್ಲ. ಬಾಗಿಲ ಹಿಂದೆ ನಿಂತಿದ್ದ ಸುಧಾಳ ಮುಖ ನೋಡಲಾಗಲಿಲ್ಲ. ಬೇಡ ಅಂತ ಮರ್ಯಾದೆಯಿಂದ ಹೇಳಿ ಬರಲು ಹೊರಟಿದ್ದಾರೆ ಅಂತಲೇ ಅವಳೂ ನಾನೂ ತಿಳಿದೆವು. ಬಸ್ಸು ಬದಲಿಸಿ ಬದಲಿಸಿ ಹೋದೆವು. ದಾರಿಯುದ್ದಕ್ಕೂ ಮಾವ ಯಾವ ಪ್ರಯಾಣಿಕರಿಗೂ ಪಾಠ ಮಾಡಲಿಲ್ಲ.

ಪ್ರದೀಪನ ಮನೆ ಊರ ಕೊನೆಯಲ್ಲಿ, ತೆಂಗಿನ ತೋಟದ ಪಕ್ಕ. ಅವನೂ ಅವನ ತಾಯಿಯೂ ಬಾಗಿಲಿಗೆ ಬಂದು ಕೈಮುಗಿದರು. ಒಳಗೆ ಮೇಜಿನ ಮೇಲೆ ಎಲ್ಲವನ್ನೂ ಸಿದ್ಧಮಾಡಿ ಇಟ್ಟಿದ್ದರು: ಸೀಲು ಒಡೆಯದ ನೀರಿನ ಬಾಟಲಿ, ಅಂಗಡಿಯ ಬಿಸ್ಕತ್ತಿನ ಪೊಟ್ಟಣ, ಸಿಪ್ಪೆ ಸುಲಿಯದ ಬಾಳೆಹಣ್ಣು, ಕಾಗದದ ಲೋಟ. ಆ ಮನೆಯ ಒಲೆ ಮುಟ್ಟಿದ್ದು, ಆ ಮನೆಯ ಪಾತ್ರೆಗೆ ಬಿದ್ದದ್ದು ಒಂದೂ ಅಲ್ಲಿರಲಿಲ್ಲ. ನಮಗೆ ಮುಜುಗರವಾಗದಿರಲಿ ಅಂತ ಆ ತಾಯಿ ಅಷ್ಟು ದೂರ ಯೋಚಿಸಿದ್ದರು. ನನಗೆ ತಲೆತಗ್ಗಿಸುವಂತಾಯಿತು.

ಮಾವ ಮೇಜನ್ನು ನೋಡಿದರು. ಬಾಟಲಿಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಆಮೇಲೆ ಮೂಗು ಅರಳಿಸಿ, “ಒಳಗೆ ಏನೋ ಕುದೀತಾ ಇದೆ. ಹುರುಳಿ ಸಾರಾ?” ಎಂದು ಕೇಳಿದರು.

“ಹೂಂ ಸ್ವಾಮಿ, ಅದು ನಮಗೆ ಅಂತ...” ಆ ತಾಯಿ ತಡವರಿಸಿದರು.

“ಮುದ್ದೆ ಆಗಿದ್ಯಾ?”

“ಆಗಿದೆ.”

“ಹಂಗಾದ್ರೆ ನಮ್ಗೂ ಇಡಿ ತಾಯಿ. ಹೊಟ್ಟೆ ಹಸ್ದಿದೆ.” ಮಾವ ಎದ್ದು ಹಿತ್ತಲಿಗೆ ಹೋಗಿ ಅವರ ತೊಟ್ಟಿಯ ನೀರಿನಲ್ಲಿ ಕೈತೊಳೆದು ಬಂದರು. ಅತ್ತೆ ಅವರ ಮುಖವನ್ನೇ ನೋಡುತ್ತಿದ್ದವರು, ಪಕ್ಕದಲ್ಲಿ ನೆಲದ ಮೇಲೆ ಕುಳಿತರು. ನಾನೂ ಕುಳಿತೆ. ಆ ತಾಯಿ ತಮ್ಮ ಮನೆಯ ತಟ್ಟೆಗಳನ್ನೇ ತಂದಿಟ್ಟು ಬಡಿಸಿದರು.

ಮಾವ ಮುದ್ದೆ ಮುರಿದು ಸಾರಿನಲ್ಲಿ ಅದ್ದುವಷ್ಟರಲ್ಲಿ ಫೋನು ಬಡಿದುಕೊಂಡಿತು. ಎಡಗೈಯಲ್ಲಿ ಎತ್ತಿದರು. ದೊಡ್ಡಮಾವನ ದನಿ ಆಚೆಗೂ ಕೇಳಿಸುವಷ್ಟು ಜೋರು.

“ಎಲ್ಲಿದೀಯೋ? ಮನೇಗೆ ಮಾಡಿದ್ರೆ ಇಲ್ಲ ಅಂತಾಳೆ ಸುಧಾ. ಏನು ಮಾಡ್ತಿದೀಯ?”

ಮಾವ ಒಮ್ಮೆ ಪ್ರದೀಪನ ಕಡೆ ನೋಡಿದರು. ಅವನು ಗೋಡೆಗೆ ಒರಗಿ ನಿಂತಿದ್ದ.

“ಉಣ್ತಾ ಇದೀನಿ ಕಣಣ್ಣ” ಅಂದರು ಮಾವ. “ಬೀಗರ ಮನೇಲಿ.”