ಬಾಣಂತಿಯ ಬಿಸಿನೀರು

ಮಾನ್ವಿಯ ವಿರೂಪಣ್ಣ ಇಪ್ಪತ್ತೆಂಟು ವರ್ಷ ಅಕ್ಕಿ ಗಿರಣಿಯ ಯಂತ್ರಗಳನ್ನು ಪಳಗಿಸಿದವನು. ಅಂಥವನನ್ನು ಹಿತ್ತಲ ಗೋಡೆಗೆ ತೂಗುಹಾಕಿದ ಅಂಗೈಯಗಲದ ಗ್ಯಾಸ್ ಗೀಸರ್ ಆ ಬೆಳಿಗ್ಗೆ ಮೂರು ಕಾಸಿಗೆ ಹರಾಜು ಹಾಕಿತು. ಬಚ್ಚಲ ನಲ್ಲಿ ತಿರುಗಿಸಿದರೆ ಟಕಟಕ ಅಂದು ಹೊತ್ತಿಕೊಳ್ಳುತ್ತಿತ್ತು, ಒಂದು ತಂಬಿಗೆ ಕುದಿನೀರು ಕೊಡುತ್ತಿತ್ತು, ಆಮೇಲೆ ಮೈ ಕಾದು ತಾನಾಗಿ ಆರಿಹೋಗುತ್ತಿತ್ತು. ಬಾಣಂತಿಗೆ ಎರೆಯಲು ಒಂದು ತಂಬಿಗೆ ಯಾವ ಮೂಲೆಗೆ?

ಮಗಳು ಸುನಂದಾ ರಾಯಚೂರಿನ ಆಸ್ಪತ್ರೆಯಲ್ಲಿ ಗಂಡುಮಗು ಹೆತ್ತಿದ್ದಳು. ಚೊಚ್ಚಲ ಬಾಣಂತನ ತವರಿನದು. ಆದರೆ ಅವಳ ತಾಯಿ ಬಸವಂತಮ್ಮ ತೀರಿಕೊಂಡು ಎಂಟು ತಿಂಗಳಾಗಿತ್ತು.

"ಹೆಣ್ಣು ದಿಕ್ಕಿಲ್ಲದ ಮನ್ಯಾಗ ಹೆಂಗ್ರೀ ಬಾಣಂತನ?" ಎಂದಿದ್ದಳು ದೇವದುರ್ಗದ ಬೀಗತಿ ವಿಜಯಲಕ್ಷ್ಮಿ.

"ಬಾಜು ಮನಿ ಕನಕಮ್ಮಕ್ಕ ಎರೀತಾಳ್ರಿ. ನೀರು ಕಾಸೋ ಮೆಷಿನ್ನೂ ತಂದೀನಿ."

"ಬಂದು ನೋಡ್ತೀನಿ. ಸರಿ ಇದ್ರ ಬಿಡ್ತೀನಿ, ಇಲ್ಲಂದ್ರ ಕಾರು ಸೀದಾ ದೇವದುರ್ಗಕ್ಕ."

ಕಾರು ಹನ್ನೆರಡಕ್ಕೆ ಬರುವುದಿತ್ತು. ಎಂಟು ತಿಂಗಳಿಂದ ಗೋಡೆ ನೋಡುತ್ತ ಉಂಡವನು ವಿರೂಪಣ್ಣ. ಮಗಳು ಮೂರು ತಿಂಗಳು ಮನೆಯಲ್ಲಿದ್ದರೆ ಸಾಕು, ಅವನಿಗೆ ಬೇರೇನೂ ಬೇಕಿರಲಿಲ್ಲ.

ಮೊದಲು ಬಂದವಳು ಕನಕಮ್ಮ. ಯಂತ್ರದ ಮೈ ಮುಟ್ಟಿ ನೋಡಿ, "ಯಪ್ಪಾ, ಜ್ವರ ಬಂದಂಗ ಕಾದದ!" ಎಂದು ಒದ್ದೆ ಅರಿವೆ ಹೊದಿಸಿದಳು. ಅಷ್ಟಕ್ಕೇ ಬಿಡದೆ ವಿಭೂತಿಯನ್ನೂ ಬಳಿದಳು. ಯಂತ್ರ ಮತ್ತೆ ಆರಿತು.

ಒಲೆ ರಿಪೇರಿಯ ಹುಸೇನಪೀರ ಬಂದ. ಸೆಲ್ ಬದಲಿಸಿದ, ಉರಿ ಇಳಿಸಿದ, ಮುಂದಿನ ತಗಡು ಬಿಚ್ಚಿ ಊದಿದ, ಮತ್ತೆ ಕೂಡಿಸಿದ. ಕೈಯಲ್ಲಿ ಒಂದು ಸ್ಕ್ರೂ ಉಳಿಯಿತು.

"ಇದು?" ಎಂದ ವಿರೂಪಣ್ಣ.

"ಕಂಪನಿಯವರು ಒಂದು ಜಾಸ್ತೀನಾ ಕೊಟ್ಟಿರ್ತಾರ್ರಿ ಅಣ್ಣಾ."

ಹನ್ನೊಂದೂವರೆಯಾಗಿತ್ತು. ಹುಸೇನಪೀರ ನೀರಿನ ಪೈಪು ಹಿಡಿದು ನೋಡಿ ತಲೆಯಾಡಿಸಿದ.

"ಮೆಷಿನ್‌ದು ತಪ್ಪಿಲ್ರಿ. ನೀರು ಜೋರು ಹರೀವಲ್ದು. ಒಳಗ ನಿಂತು ಕುದೀತದ, ಅದಕ್ಕ ಬೆಂಕಿ ಬಂದ್ ಆಗ್ತದ. ನಲ್ಲೀಗೆ ಏನ್ರೀ ಅದು ಅರಿವಿ?"

ನೀರಿನ ಟಾಕಿಯ ಉಸುಕು ಬಕೀಟಿಗೆ ಬೀಳಬಾರದೆಂದು ಆ ಓಣಿಯಲ್ಲಿ ಎಲ್ಲರೂ ನಲ್ಲಿಗೆ ಅರಿವೆ ಕಟ್ಟುತ್ತಾರೆ. ಇದು ಬಸವಂತಮ್ಮನ ಹಳೇ ಸೀರೆಯ ಚೂರು. ಪ್ರತಿ ಸೋಮವಾರ ಬಿಚ್ಚಿ ಒಗೆದು ಮತ್ತೆ ಕಟ್ಟುತ್ತಿದ್ದಳು. ಅವಳು ಹೋದಮೇಲೆ ಉಸುಕು, ಸವಳುನೀರಿನ ಉಪ್ಪು ಕೂಡಿ ಅದು ಕಲ್ಲಾಗಿತ್ತು.

"ಬಿಚ್ಚಿ ಒಗೀರಿ ಅದನ್ನ."

"ಅಕಿ ಕಟ್ಟಿದ್ದೋ ಪೀರಾ."

ಕನಕಮ್ಮ ಸೆರಗು ಬಾಯಿಗೆ ಹಿಡಿದಳು. ವಿರೂಪಣ್ಣ ತಾನೇ ಬಚ್ಚಲಲ್ಲಿ ಕೂತು ಗಂಟು ಬಿಚ್ಚಲು ನೋಡಿದ, ಬಿಚ್ಚಲಿಲ್ಲ. ಹಲ್ಲಿನಿಂದ ಕಚ್ಚಿ ಹರಿದ. "ಮಗಳಿಗೆ ಬೇಕಾಗೇದ ಬೇ, ಸಿಟ್ಟಾಗಬ್ಯಾಡ" ಎನ್ನುವಷ್ಟರಲ್ಲಿ ಗಳಗಳ ಅತ್ತುಬಿಟ್ಟ.

ನೀರು ಧೋ ಎಂದು ಸುರಿಯಿತು. ಬಕೀಟು ತುಂಬಿದರೂ ಯಂತ್ರ ಆರಲಿಲ್ಲ.

ಅಷ್ಟರಲ್ಲಿ ಕಾರು ಬಂತು. ಮೊಮ್ಮಗನನ್ನು ಎತ್ತಿಕೊಂಡು ವಿರೂಪಣ್ಣ ಹಿಗ್ಗಿ ಹೀರೇಕಾಯಿಯಾಗಿ ನಿಂತ. ಬೀಗತಿ ಸೀದಾ ಬಚ್ಚಲಿಗೆ ನಡೆದು ಒಂದು ಬಕೀಟು ತುಂಬಿಸಿದಳು, ಎರಡು ತುಂಬಿಸಿದಳು, ಮೂರನೆಯದನ್ನೂ ತುಂಬಿಸಿದಳು.

"ಅಬಾಬಾ! ಕಟ್ಟಿಗಿ ಇಲ್ಲ, ಹೊಗಿ ಇಲ್ಲ! ಬೀಗರ, ಖರೇ ಹೇಳ್ಲ್ಯಾ? ಮೊಮ್ಮಗನ್ನ ಬಿಟ್ಟಿರಾಕ ನನಗೂ ಮನಸ್ಸಿದ್ದಿಲ್ಲ. ಹೊಗಿ ಕುಡಿದ್ರ ನನಗ ದಮ್ಮು ಬರ್ತದ, ಒಲಿ ಮುಂದ ಕುಂದ್ರಾಕ ಆಗಂಗಿಲ್ಲ. ಅದಕ್ಕಾ ನಿಮ್ಮ ಕಡಿ ತಂದೆ. ಇಂಥದೊಂದು ಇದ್ರ ನಾನಾ ಎರೀಬಹುದಲ್ರೀ!"

ಮೊಮ್ಮಗನನ್ನು ಎದೆಗೆ ಅವುಚಿಕೊಂಡ ವಿರೂಪಣ್ಣನಿಗೆ ಬೀಗತಿ ಯಂತ್ರದತ್ತ ಕೈ ತೋರಿಸಿದಳು.

"ಇದನ್ನಾ ಬಿಚ್ಚಿ ಕೊಡ್ರಿ, ಸುನಂದಾನ ಜೋಡಿ ದೇವದುರ್ಗಕ್ಕ ಒಯ್ತೀನಿ. ನಿಮ್ಮೊಬ್ಬರಿಗೆ ಇಷ್ಟು ಬಿಸಿನೀರು ಯಾಕ ಬೇಕು?"

"ಅತ್ತೀ, ಅಪ್ಪ ಒಬ್ಬನಾ..." ಎಂದಳು ಸುನಂದಾ. ಅವಳ ಕಣ್ಣು ತುಂಬಿತ್ತು.

"ಅಪ್ಪಾರೂ ಬರ್ಲಿ ಬಿಡವ್ವಾ. ಕೂಡಿಸಿಕೊಟ್ಟು ಸಂಜಿ ಬಸ್ಸಿಗೆ ಹೊಳ್ಳಿ ಬರ್ತಾರ."

ಮಗಳು ಎಲ್ಲಿದ್ದರೂ ಬಾಣಂತಿಗೆ ಇವತ್ತೇ ಬಿಸಿನೀರು ಎರೆಯಬೇಕಿತ್ತು. ವಿರೂಪಣ್ಣ ಮೊಮ್ಮಗನನ್ನು ಮಗಳ ಉಡಿಯಲ್ಲಿಟ್ಟು, ಹುಸೇನಪೀರನಿಂದ ನಟ್ಟು ಬಿಚ್ಚುವ ಪಾನಾ ಇಸಿದುಕೊಂಡು ಹಿತ್ತಲಿಗೆ ನಡೆದ.