ನಿಯಮ ಹದಿನಾಲ್ಕು

ಚಿತ್ರಕಥೆಯ ನಲವತ್ತೇಳನೆಯ ಪುಟದಲ್ಲಿ ಒಂದೇ ಒಂದು ಸಾಲಿತ್ತು: ‘ಖಳನು ಕತ್ತೆಯನ್ನು ಕೋಲಿನಿಂದ ಬಡಿಯುತ್ತಾನೆ, ನಾಯಕಿ ಓಡಿಬಂದು ತಡೆಯುತ್ತಾಳೆ.’ ಬರೆದವನಿಗೆ ಅದು ಅರ್ಧ ನಿಮಿಷದ ಕೆಲಸ. ಪ್ರಾಣಿದಯಾ ಇಲಾಖೆಯ ತಾತ್ಕಾಲಿಕ ವೀಕ್ಷಕನಿಗೆ ಮಾತ್ರ ಆ ಸಾಲಿನಿಂದ ಒಂದು ಇಡೀ ದಿನವೂ ಅರ್ಧ ಬೆನ್ನೂ ಖರ್ಚಾದವು.

ಕಚೇರಿಯಲ್ಲಿ ಅವನನ್ನು ಎಲ್ಲರೂ ನಿಯಮಯ್ಯ ಎಂದೇ ಕರೆಯುತ್ತಿದ್ದರು. ಸಿನಿಮಾದವರು ಪ್ರಾಣಿಗಳನ್ನು ಬಳಸುವಾಗ ಅವಕ್ಕೆ ನೋವಾಗದಂತೆ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ನೋಡುವುದು ಅವನ ಉದ್ಯೋಗ. ಇಲಾಖೆಯ ನಲವತ್ತು ನಿಯಮಗಳೂ ಅವನಿಗೆ ಮಗ್ಗಿಯಂತೆ ಬಾಯಿಪಾಠ. ಆದರೆ ಮೂರು ವರ್ಷಗಳಾದರೂ ನೌಕರಿ ಕಾಯಂ ಆಗಿರಲಿಲ್ಲ. ಕಾಯಂ ಆದೇಶ ಬಂದೊಡನೆ ತೂಗುಹಾಕಲೆಂದು ಅವನ ಹೆಂಡತಿ ಚೌಕಟ್ಟೊಂದನ್ನು ತಂದು, ಅದರ ಖಾಲಿ ಗಾಜನ್ನು ಪ್ರತಿ ಭಾನುವಾರ ಒರೆಸುತ್ತಿದ್ದಳು.

ಆ ಬೆಳಿಗ್ಗೆ ಮೇಲಧಿಕಾರಿಗಳು ಅವನನ್ನು ಕರೆದು, ಮೇಜಿನ ಮೇಲಿದ್ದ ಕಡತವನ್ನು ಬೆರಳಿನಿಂದ ತಟ್ಟಿದರು.

“ನಿಮ್ಮ ಕಾಯಂ ಕಾಗದ ಇಲ್ಲೇ ಇದೆ ಕಣ್ರೀ. ಸಹಿ ಒಂದೇ ಬಾಕಿ. ಇವತ್ತಿನ ಶೂಟಿಂಗ್ ಗಲಾಟೆ ಇಲ್ದೆ ಮುಗಿಸ್ಕೊಂಡು ಬನ್ನಿ. ಕತ್ತೆ ಕಡೆಯವರಿಂದಾಗ್ಲಿ ಸಿನಿಮಾ ಕಡೆಯವರಿಂದಾಗ್ಲಿ ಒಂದು ದೂರು ಬಂತೋ, ಈ ಕಡತ ಮತ್ತೆ ಬೀರುವಿನೊಳಕ್ಕೆ.”

“ಬರೋದಿಲ್ಲ ಸಾರ್. ನಿಯಮ ಇರೋವಾಗ ದೂರು ಯಾಕೆ ಬರುತ್ತೆ?”

ಮೇಲಧಿಕಾರಿಗಳು ಅವನನ್ನು ಕನಿಕರದಿಂದ ನೋಡಿದರು.

ಚಿತ್ರೀಕರಣ ನಡೆಯುತ್ತಿದ್ದುದು ಹಳೆಯ ಹಂಚಿನ ಕಾರ್ಖಾನೆಯ ಅಂಗಳದಲ್ಲಿ. ಕತ್ತೆ ಆಗಲೇ ಬಂದಿತ್ತು. ಬೂದುಬಣ್ಣದ, ಸಾಧು ಮುಖದ ಪ್ರಾಣಿ. ಜಗತ್ತಿನ ಯಾವ ವಿಷಯದಲ್ಲೂ ತನಗೆ ಅಭಿಪ್ರಾಯವಿಲ್ಲವೆಂಬಂತೆ ನಿಂತಿತ್ತು. ಅದರ ಯಜಮಾನ, ಗಿಡ್ಡ ದೇಹದ ವಾಚಾಳಿ, ಅದರ ಕಿವಿ ತುರಿಸುತ್ತಿದ್ದ. ನಿಯಮಯ್ಯ ನೆರಳು, ನೀರು, ಹೊರೆ, ಗೊರಸು ಎಲ್ಲವನ್ನೂ ಪರೀಕ್ಷಿಸಿ, ಚಿತ್ರಕಥೆಯ ಹಾಳೆಗಳನ್ನು ತಿರುವುತ್ತ ನಲವತ್ತೇಳನೆಯ ಪುಟಕ್ಕೆ ಬಂದು ನಿಂತ.

“ಹೊಡೆಯೋ ಹಾಗಿಲ್ಲ,” ಎಂದ.

“ನಿಜವಾಗಿ ಯಾರು ಹೊಡೀತಾರೆ ಸ್ವಾಮಿ? ಹೊಡೆದ ಹಾಗೆ ಮಾಡ್ತೀವಿ,” ಎಂದರು ನಿರ್ದೇಶಕರು.

“ನಿಯಮ ಹದಿನಾಲ್ಕು. ಹೊಡೆದಂತೆ ನಟಿಸಿದ್ರೂ ಪ್ರಾಣಿ ಬೆದರುತ್ತೆ. ಬೆದರಿಸೋದೂ ಹಿಂಸೆನೇ.”

“ನೋಡಿ, ಇದು ಪ್ರಾಣಿದಯೆ ಬಗ್ಗೆನೇ ಇರೋ ಸಿನಿಮಾ. ಕತ್ತೆಗೆ ಏಟು ಬೀಳದೆ ಜನರಿಗೆ ದಯೆ ಎಲ್ಲಿಂದ ಹುಟ್ಟಬೇಕು, ನೀವೇ ಹೇಳಿ?”

ಈ ಪ್ರಶ್ನೆ ನಿರ್ದೇಶಕರೊಬ್ಬರದೇ ಅಲ್ಲ. ಮನುಷ್ಯಕುಲ ಬಹುಕಾಲದಿಂದ ಇದೇ ತರ್ಕವನ್ನು ನೆಚ್ಚಿಕೊಂಡು ಬದುಕಿದೆ. ರೆಕ್ಕೆ ಬಿಚ್ಚಲಾಗದ ಗೂಡಿನಲ್ಲಿ ಕೋಳಿಯನ್ನು ತುಂಬಿ ಅದನ್ನು ಸಾಕಣೆ ಎನ್ನುತ್ತೇವೆ. ಕರುವನ್ನು ಕೆಚ್ಚಲಿನಿಂದ ಎಳೆದು ಕಟ್ಟಿ ಅದನ್ನು ಹೈನುಗಾರಿಕೆ ಎನ್ನುತ್ತೇವೆ. ಕೋತಿಯ ಕೊರಳಿಗೆ ಸರಪಳಿ ಬಿಗಿದು ಕುಣಿಸಿ ಅದನ್ನು ಮನರಂಜನೆ ಎನ್ನುತ್ತೇವೆ. ಮೂಕಪ್ರಾಣಿಗಳು ಎದುರು ವಾದಿಸುವುದಿಲ್ಲವಾದ್ದರಿಂದ ನಾವಿಟ್ಟ ಹೆಸರುಗಳೇ ಉಳಿದುಕೊಂಡಿವೆ. ಅಂದು ಮಾತ್ರ ಕತ್ತೆಯ ಪರವಾಗಿ ವಾದಿಸಲು ನಿಯಮಯ್ಯನಿದ್ದ. ಅವನು ಜಗ್ಗಲಿಲ್ಲ.

ನಿರ್ದೇಶಕರು ಗಡಿಯಾರ ನೋಡಿಕೊಂಡರು. ಸಂಜೆಯೊಳಗೆ ಅಂಗಳ ಬಿಟ್ಟುಕೊಡಬೇಕಿತ್ತು.

“ಗೋದಾಮಿನಲ್ಲಿ ಮಕ್ಕಳ ನಾಟಕದ ಕತ್ತೆ ಚರ್ಮ ಒಂದು ಬಿದ್ದಿದೆ. ಮುಂದೆ ಒಬ್ಬ, ಹಿಂದೆ ಒಬ್ಬ ತೂರಿಕೊಳ್ಳೋದು. ದೂರದಿಂದ ತೆಗೀತೀನಿ. ಮುಖ ಮಾತ್ರ ಹತ್ತಿರದಿಂದ, ನಿಜವಾದ ಕತ್ತೆದು. ಇದಕ್ಕೂ ನಿಯಮ ಅಡ್ಡ ಬರುತ್ತಾ?”

ನಿಯಮಯ್ಯ ನಲವತ್ತು ನಿಯಮಗಳನ್ನೂ ಮನಸ್ಸಿನಲ್ಲಿ ಒಮ್ಮೆ ಓಡಿಸಿದ. “ಬರೋದಿಲ್ಲ,” ಎಂದು ಸಂತೋಷದಿಂದ ಹೇಳಿದ. ತನ್ನ ಗುಂಡಿಯನ್ನು ತಾನೇ ಅಳತೆ ತೆಗೆದು ತೋಡಿಕೊಂಡವನ ಸಂತೋಷ ಅದು.

ಚರ್ಮ ಬಂತು. ಮಕ್ಕಳ ಅಳತೆಗೆ ಹೊಲಿದದ್ದು. ಮುಂಭಾಗಕ್ಕೆ ಕತ್ತೆಯ ಯಜಮಾನ ತಾನಾಗಿಯೇ ಮುಂದೆ ಬಂದ. “ಇಪ್ಪತ್ತು ವರ್ಷದಿಂದ ಇದರ ಜೊತೆ ಓಡಾಡ್ತಿದ್ದೀನಿ. ನಮ್ಮಿಬ್ಬರ ನಡಿಗೆ ಒಂದೇ ಅಂತ ನಮ್ಮನೆಯವಳೇ ಹೇಳ್ತಾಳೆ,” ಎಂದ. ಹಿಂಭಾಗಕ್ಕೆ ಯಾರೂ ಹೊಂದಲಿಲ್ಲ. ಛಾಯಾಗ್ರಾಹಕರ ಹೊಟ್ಟೆ ಒಳಗೆ ಹೋಗಲಿಲ್ಲ. ದೀಪದವನ ಕಾಲು ಮೊಣಕಾಲಿನ ಕೆಳಗೆ ಒಂದು ಗೇಣು ಹೊರಗೇ ಉಳಿಯಿತು. ಎಲ್ಲರ ಕಣ್ಣೂ ನಿಧಾನವಾಗಿ, ಕುರ್ಚಿಯಲ್ಲಿ ಕುಳಿತಿದ್ದ ಐದಡಿ ಎತ್ತರದ ಸರ್ಕಾರಿ ನೌಕರನ ಕಡೆಗೆ ತಿರುಗಿದವು.

“ನಾನು ವೀಕ್ಷಕ,” ಎಂದ ನಿಯಮಯ್ಯ.

“ಒಳಗಿನಿಂದ ವೀಕ್ಷಿಸಿ,” ಎಂದರು ನಿರ್ದೇಶಕರು. “ಇಲ್ಲಾಂದ್ರೆ ವೀಕ್ಷಕರು ಶೂಟಿಂಗ್ ನಿಲ್ಲಿಸಿದ್ರು ಅಂತ ನಿಮ್ಮ ಸಾಹೇಬರಿಗೆ ಎರಡು ಸಾಲು ಬರೆದು ಕಳಿಸ್ತೀನಿ.”

ಎರಡು ಸಾಲು ಬೇಕಿರಲಿಲ್ಲ. ಬೀರುವಿನ ಬಾಗಿಲು ಮುಚ್ಚಲು ಒಂದೇ ಸಾಕಾಗಿತ್ತು. ನಿಯಮಯ್ಯ ಕನ್ನಡಕ ತೆಗೆದು ಜೇಬಿನಲ್ಲಿಟ್ಟು, ಬಗ್ಗಿ, ಕತ್ತೆಯ ಹಿಂಭಾಗವನ್ನು ಪ್ರವೇಶಿಸಿದ.

ಒಳಗೆ ಹಳೆಯ ಗೋಣಿಚೀಲದ ವಾಸನೆಯಿತ್ತು. “ಸ್ವಾಮಿ, ನನ್ನ ಸೊಂಟ ಬಿಗಿಯಾಗಿ ಹಿಡ್ಕೊಳ್ಳಿ,” ಎಂದ ಮುಂಭಾಗದವನು. “ಕಚಗುಳಿ ಮಾತ್ರ ಇಡಬೇಡಿ. ನಡೆಯೋದು, ನಿಲ್ಲೋದು ನಂಗೆ ಬಿಡಿ. ಒದೆಯೋದು, ಬಾಲ ಅಲ್ಲಾಡಿಸೋದು ಎಲ್ಲಾ ನಿಮ್ಮ ಇಲಾಖೆಗೆ ಬರುತ್ತೆ.”

ಖಳನಟ ನಿಜಜೀವನದಲ್ಲಿ ಅತ್ಯಂತ ಮೃದು ಮನುಷ್ಯ. ಕೋಲು ಹಿಡಿದು ಬಂದವನು ಮೊದಲು ಕತ್ತೆಯ ಹಿಂಭಾಗಕ್ಕೆ ಕೈಮುಗಿದ. “ತಪ್ಪು ತಿಳ್ಕೋಬೇಡಿ ಸಾರ್. ಇರುವೆ ಕಂಡರೂ ಪಕ್ಕಕ್ಕೆ ಸರಿಯೋನು ನಾನು.” ಮೊದಲ ಏಟು ಧೂಳು ಒರೆಸಿದ ಹಾಗೆ ಬಿತ್ತು.

“ಕಟ್,” ಎಂದರು ನಿರ್ದೇಶಕರು. “ಏನಯ್ಯಾ, ನೊಣ ಓಡಿಸ್ತಿದ್ದೀಯಾ? ಕತ್ತೆ ನಡುಗಬೇಕು. ಬೆನ್ನಿನ ಮೇಲೆ ಹತ್ತಿ ಮೆತ್ತೆ ಇದೆ, ಧೈರ್ಯವಾಗಿ ಬಾರಿಸು.”

ಮೆತ್ತೆ ಇದ್ದದ್ದು ನಿಜ. ಗೋದಾಮಿನ ಇಲಿಗಳು ಅದನ್ನು ಮರಿಗಳಿಗೆ ಹಾಸಿಗೆ ಮಾಡಲು ಒಯ್ದಿದ್ದೂ ನಿಜ. ಮುಂಭಾಗದ ಹತ್ತಿಯನ್ನು ಮುಟ್ಟದೆ, ಹಿಂಭಾಗವನ್ನೇ ಬರಿದು ಮಾಡಿದ್ದವು.

ಎರಡನೆಯ ಟೇಕಿನಲ್ಲಿ ಕತ್ತೆ ನಡುಗಿತು. ಮೂರನೆಯದರಲ್ಲಿ ಕುಪ್ಪಳಿಸಿತು. ನಾಲ್ಕನೆಯದರಲ್ಲಿ ನಾಯಕಿ ಓಡಿಬರುವಾಗ ಚಪ್ಪಲಿ ಕಿತ್ತುಹೋಯಿತು. ಐದನೆಯದರಲ್ಲಿ ಆಕೆಗೆ ಸೀನು ಬಂತು. ಪ್ರತಿಯೊಂದು ಏಟಿನ ಹಿಂದೆಯೂ “ಕ್ಷಮಿಸಿ ಸಾರ್” ಎಂಬ ಪಿಸುಮಾತು ಬರುತ್ತಿತ್ತು. ನೋವಿಗೆ ಅದು ಯಾವ ರಿಯಾಯಿತಿಯನ್ನೂ ಕೊಡಲಿಲ್ಲ. ಹದಿನಾಲ್ಕನೆಯ ನಿಯಮವನ್ನು ಬರೆದ ಪುಣ್ಯಾತ್ಮ ಅದನ್ನು ತಲೆಯಿಂದಲ್ಲ, ಬೆನ್ನಿನಿಂದ ಬರೆದಿರಬೇಕೆಂದು ನಿಯಮಯ್ಯನಿಗೆ ಆಗ ಹೊಳೆಯಿತು. ಕತ್ತಲಲ್ಲಿ ಬಗ್ಗಿ, ಯಾವ ದಿಕ್ಕಿನಿಂದ ಏಟು ಬರುವುದೋ ತಿಳಿಯದೆ, ಏಕೆ ಬೀಳುತ್ತದೆಂದು ಕೇಳಲೂ ಆಗದೆ ನಿಲ್ಲುವುದು ಎಂದರೇನೆಂದು ಮೂರು ವರ್ಷದ ಕುರ್ಚಿ ಅವನಿಗೆ ಕಲಿಸಿರಲಿಲ್ಲ.

“ಅರ್ಧ ಗಂಟೆ ಆಯ್ತು,” ಎಂದು ಬಾಲದ ಕಡೆಯಿಂದ ಕ್ಷೀಣ ದನಿ ಬಂತು. “ನಿಯಮ ಒಂಬತ್ತು. ಕತ್ತೆಗೆ ವಿಶ್ರಾಂತಿ ಕೊಡಬೇಕು.”

“ಕತ್ತೆ ವಿಶ್ರಾಂತಿಯಲ್ಲೇ ಇದೆ. ನೀವು ಬಗ್ಗಿ,” ಎಂದರು ನಿರ್ದೇಶಕರು.

ನಿಜವಾದ ಕತ್ತೆ ದೊಡ್ಡ ಛತ್ರಿಯ ಕೆಳಗೆ, ಮೇಜುಫ್ಯಾನಿನ ಗಾಳಿಯಲ್ಲಿ ಕ್ಯಾರೆಟ್ ಅಗಿಯುತ್ತಿತ್ತು. ಎಲ್ಲವೂ ನಿಯಮ ಆರರಂತೆ.

ಏಳನೆಯ ಟೇಕಿನ ನಡುವೆ ಗೇಟಿನ ಕಡೆಯಿಂದ ಒಂದು ದನಿ ಅಂಗಳವನ್ನು ಸೀಳಿತು.

“ಕೋಲು ಕೆಳಗಿಡು.”

ಖಳನಟ ಕೋಲು ಕೆಳಗಿಟ್ಟು ಕೈಕಟ್ಟಿ ನಿಂತ. ಬಂದವರು ಜೀವದಯಾ ಸಂಘದ ಅಧ್ಯಕ್ಷೆ, ನಿವೃತ್ತ ಮುಖ್ಯೋಪಾಧ್ಯಾಯಿನಿ. ಹಿಂದೆ ಸಂಘದ ಹತ್ತು ಹನ್ನೆರಡು ಮಂದಿ ಸದಸ್ಯರು, ಜೊತೆಗೆ ಪಶುವೈದ್ಯರು. ಗೇಟಿನ ಸಂದಿಯಿಂದ ಅವರು ಎಲ್ಲವನ್ನೂ ಮೊಬೈಲಿನಲ್ಲಿ ಚಿತ್ರಿಸಿಕೊಂಡಿದ್ದರು.

“ಆರು ಸಲ. ನಾನೇ ಎಣಿಸಿದ್ದೀನಿ. ನಾಚಿಕೆ ಆಗಲ್ವಾ ನಿಮಗೆ? ಇಲಾಖೆಯವನು ಎಲ್ಲಿ? ಕುರ್ಚಿ ಖಾಲಿ ಇದೆ. ಅವನ ಸಾಹೇಬರಿಗೆ ಫೋನ್ ಮಾಡಿ ಆಗಿದೆ, ದಾರೀಲಿದ್ದಾರೆ. ಇವತ್ತೇ ಅವನನ್ನ ಕೆಲಸದಿಂದ ತೆಗೆಸದಿದ್ರೆ ಕೇಳಿ.”

ಚರ್ಮದೊಳಗೆ ನಿಯಮಯ್ಯ ಲೆಕ್ಕ ಹಾಕಿದ. ಹೊರಗೆ ಬಂದರೆ ಕುರ್ಚಿ ಬಿಟ್ಟ ಅಪರಾಧ. ಬಾರದಿದ್ದರೆ ಕತ್ತೆಗೆ ಹೊಡೆಯಲು ಬಿಟ್ಟ ಅಪರಾಧ.

“ಮಾತಾಡಬೇಡಿ ಸ್ವಾಮಿ,” ಎಂದು ಮುಂಭಾಗ ಪಿಸುಗುಟ್ಟಿತು. “ಕತ್ತೆಗೆ ಸುಮ್ಮನಿರೋದೇ ಲೇಸು.”

ಅಧ್ಯಕ್ಷೆ ಹತ್ತಿರ ಬಂದು ಕತ್ತೆಯ ಹಿಂಬದಿಯನ್ನು ಮೆಲ್ಲನೆ ಸವರಿದರು. “ಪಾಪದ್ದು, ಹೇಗೆ ನಡುಗ್ತಿದೆ ನೋಡಿ. ಹೆದರಬೇಡ ಮರಿ. ನಾವಿದ್ದೀವಿ.” ಆ ದಿನ ನಿಯಮಯ್ಯನಿಗೆ ದೊರೆತ ಮೊದಲ ಸಾಂತ್ವನದ ಮಾತು ಅದು. ಅವನ ಕಣ್ಣು ತುಂಬಿ ಬಂತು. ಮೂರು ವರ್ಷಗಳಲ್ಲಿ ಯಾವ ಅಧಿಕಾರಿಯೂ ಅವನನ್ನು ಹೀಗೆ ಮಾತನಾಡಿಸಿರಲಿಲ್ಲ.

“ಡಾಕ್ಟ್ರೇ, ನೋವಿಗೆ ಇಂಜೆಕ್ಷನ್ ಕೊಟ್ಬಿಡಿ,” ಎಂದರು ಅಧ್ಯಕ್ಷೆ.

ಚರ್ಮದ ಹೊಲಿಗೆ ಬಿಟ್ಟಿದ್ದ ಕಡೆಯಿಂದ ನಿಯಮಯ್ಯ ಇಣುಕಿದ. ಪಶುವೈದ್ಯರು ಪೆಟ್ಟಿಗೆಯಿಂದ ತೆಗೆದ ಸಿರಿಂಜು ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪಿನ ತಮ್ಮನಂತಿತ್ತು. ಅವರು ಸೂಜಿ ಎತ್ತಿ, ಕತ್ತೆಯ ಹಿಂಭಾಗದಲ್ಲಿ ಮಾಂಸಲವಾದ ಜಾಗವನ್ನು ಬೆರಳಿನಿಂದ ಹುಡುಕತೊಡಗಿದರು.

“ಬೇಡ ಸಾರ್,” ಎಂದಿತು ಕತ್ತೆಯ ಹಿಂಭಾಗ.

ವೈದ್ಯರು ಸೂಜಿ ಹಿಡಿದೇ ಹಿಂದಕ್ಕೆ ಹಾರಿದರು. ಚರ್ಮದ ನಡುವಿನ ಕೊಂಡಿ ಬಿಚ್ಚಿಕೊಂಡಿತು, ಕತ್ತೆ ಎರಡಾಯಿತು. ಮುಂಭಾಗ ಬೆದರಿ ನಾಲ್ಕು ಹೆಜ್ಜೆ ಓಡಿತು. ಹಿಂಭಾಗದಿಂದ ಬೆವರು ಸುರಿಸುತ್ತ, ಬಾಲ ನೇತಾಡಿಸುತ್ತ, ನಿಯಮಯ್ಯ ಮೇಲೆದ್ದು ಕನ್ನಡಕ ಹಾಕಿಕೊಂಡ.

“ಕ್ಷಮಿಸಿ ಅಮ್ಮಾ. ಏಟು ಬಿದ್ದದ್ದು ಕತ್ತೆಗಲ್ಲ. ನನಗೆ.”

ಅಧ್ಯಕ್ಷೆ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಅವರ ಮುಖದ ಗಂಟುಗಳು ಒಂದೊಂದಾಗಿ ಸಡಿಲವಾದವು.

“ಅಯ್ಯೋ, ಮನುಷ್ಯನಾ? ಸದ್ಯ. ನನಗಂತೂ ಜೀವವೇ ಹೋದ ಹಾಗಾಗಿತ್ತು.” ಅವರು ಸದಸ್ಯರ ಕಡೆ ತಿರುಗಿದರು. “ಗಾಬರಿ ಆಗಬೇಡಿ, ಏನೂ ಆಗಿಲ್ಲ. ಮನುಷ್ಯರು.” ವೈದ್ಯರು ಸಿರಿಂಜನ್ನು ಪೆಟ್ಟಿಗೆಗೆ ಸೇರಿಸಿದರು. ಮುಲಾಮಿನ ಡಬ್ಬಿ ತೆರೆದಿದ್ದ ಸದಸ್ಯೆಯೊಬ್ಬರು ಮುಚ್ಚಳ ಹಾಕಿದರು. ಎಲ್ಲರೂ ಛತ್ರಿಯ ಕೆಳಗೆ ಹೋಗಿ, ಕ್ಯಾರೆಟ್ ಅಗಿಯುತ್ತಿದ್ದ ಕತ್ತೆಯನ್ನು ನೋಡಿ ಕಣ್ಣು ತಂಪು ಮಾಡಿಕೊಂಡರು.

ಅಷ್ಟರಲ್ಲಿ ಮೇಲಧಿಕಾರಿಗಳ ಜೀಪು ಬಂತು. ಬಾಲ ಧರಿಸಿದ್ದ ತಮ್ಮ ನೌಕರನನ್ನು ನೋಡಿ ಅವರು ಅವನ ಸುತ್ತ ಒಂದು ಸುತ್ತು ಬಂದರು. ನಿಯಮಯ್ಯ ತಲೆತಗ್ಗಿಸಿ ನಡೆದದ್ದೆಲ್ಲವನ್ನೂ ಒಪ್ಪಿಸಿದ. ಕಡತ ಬೀರು ಸೇರಿತೆಂದು ಅವನು ಮನಸ್ಸಿನಲ್ಲೇ ಅದರ ಬಾಗಿಲು ಹಾಕಿಕೊಂಡಿದ್ದ.

“ಇಂಥ ನೌಕರನನ್ನ ನಾನು ಕಂಡೇ ಇಲ್ಲ,” ಎಂದರು ಅಧ್ಯಕ್ಷೆ. “ದೂರು ವಾಪಸ್ ತಗೋತೀವಿ. ಬದಲಿಗೆ ಪ್ರಶಂಸಾಪತ್ರ ಕೊಡ್ತೀವಿ.”

“ನಮ್ಮದೂ ಒಂದು ಇರಲಿ,” ಎಂದರು ನಿರ್ದೇಶಕರು. “ಇಷ್ಟು ಸಹಜವಾಗಿ ನಡುಗೋ ಕತ್ತೆ ಇಡೀ ಚಿತ್ರರಂಗದಲ್ಲೇ ಇಲ್ಲ.”

ಮೇಲಧಿಕಾರಿಗಳು ರದ್ದುಮಾಡಲೆಂದು ತಂದಿದ್ದ ಕಡತವನ್ನು ಜೀಪಿನಿಂದ ತೆಗೆಸಿ, ಬಾನೆಟ್ಟಿನ ಮೇಲಿಟ್ಟು, ಎರಡು ಸಾಲು ಸೇರಿಸಿ ಸಹಿ ಹಾಕಿ ಕೊಟ್ಟರು. ಕಾಯಂ. ನಿಯಮಯ್ಯ ಆ ಪದವನ್ನು ಮೂರು ಸಲ ಓದಿದ. ಬೆನ್ನಿನ ಉರಿ ಅರ್ಧ ಇಳಿಯಿತು. ಆಮೇಲೆ ಅದರ ಕೆಳಗಿದ್ದ, ಇನ್ನೂ ಶಾಯಿ ಆರದ ಸಾಲುಗಳನ್ನು ಓದಿದ: ‘ಸದರಿ ನೌಕರರನ್ನು ಈ ಚಿತ್ರ ಮುಗಿಯುವವರೆಗೂ, ತದನಂತರ ಪ್ರಾಣಿಹಿಂಸೆಯ ದೃಶ್ಯಗಳಿರುವ ಎಲ್ಲ ಚಿತ್ರಗಳಿಗೂ, ಇದೇ ಕರ್ತವ್ಯಕ್ಕೆ ಶಾಶ್ವತವಾಗಿ ನಿಯೋಜಿಸಲಾಗಿದೆ.’

“ಸಾರ್, ಇದೇ ಕರ್ತವ್ಯ ಅಂದ್ರೆ...”

“ನೀವಿದ್ದ ಕಡೆ ಪ್ರಾಣಿಗೆ ಪೆಟ್ಟು ಬೀಳೋದಿಲ್ಲ ಅಂತ ಇವತ್ತು ಸಾಬೀತಾಯ್ತಲ್ಲಾ.”

“ಸಾರ್, ನಿಯಮದ ಪ್ರಕಾರ ವಿಶ್ರಾಂತಿ, ನೆರಳು...”

“ನಿಯಮ ಇರೋದು ಪ್ರಾಣಿಗಳಿಗೆ ಕಣ್ರೀ. ನೀವು ಕಾಯಂ ನೌಕರರು.”

ನಿಯಮಯ್ಯ, ನಾಳೆಯೂ ಕತ್ತೆಯೇ ಇದೆಯೇ ಎಂದು ನಿರ್ದೇಶಕರನ್ನು ಕೇಳಿದ.

“ಛೆ ಛೆ, ನಾಳೆ ಕತ್ತೆ ಇಲ್ಲ,” ಎಂದರು ಅವರು, ಹಾಳೆ ತಿರುವುತ್ತ. “ನಾಳೆ ಕರಡಿ. ಬೆಂಕಿಯ ಬಳೆಯೊಳಗಿಂದ ಹಾರೋದು.”

ಕತ್ತೆಯ ಯಜಮಾನ ತನ್ನ ಅರ್ಧ ಚರ್ಮವನ್ನು ಮಡಚಿ, ನಿಯಮಯ್ಯನ ಹೆಗಲ ಮೇಲೆ ಸಮಾಧಾನದ ಕೈಯಿಟ್ಟ.

“ಚಿಂತೆ ಬಿಡಿ ಸ್ವಾಮಿ. ಕರಡಿಗೆ ಒಬ್ಬರೇ ಸಾಕು.”